1969ರ ಕಮಾರೋ: ಮುಂದಿನ ಡಿಸ್ಕ್ ಬ್ರೇಕ್ ಫ್ಯಾಕ್ಟರಿಯದ್ದಾ, ಆಮೇಲೆ ಹಾಕಿದ್ದಾ?

ಕಮಾರೋ_ಕನಸು

ಎಲ್ಲರಿಗೂ ನಮಸ್ಕಾರ. ನಾನಿರುವುದು ಮಿಶಿಗನ್‌ನಲ್ಲಿ, ಡೆಟ್ರಾಯ್ಟ್ ಹತ್ತಿರ. ಆಗಸ್ಟ್‌ನಲ್ಲಿ ಇಲ್ಲಿ ನಡೆಯುವ ಹಳೇ ಗಾಡಿಗಳ ಮೆರವಣಿಗೆ, ವುಡ್‌ವರ್ಡ್ ಡ್ರೀಮ್ ಕ್ರೂಸ್ ನೋಡಿದವರಿಗೆ ಈ ಹುಚ್ಚು ಯಾಕೆ ಹಿಡಿಯುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಈಗ ಒಂದು 1969ರ ಶೆವರ್ಲೆ ಕಮಾರೋ ಕಣ್ಣಿಗೆ ಬಿದ್ದಿದೆ. ಮಾರುವವರು ಇದು ಅಸಲಿ ಎಸ್‌ಎಸ್ 350 (350 ಘನ ಇಂಚಿನ ಎಂಜಿನ್ನಿನ ಸೂಪರ್ ಸ್ಪೋರ್ಟ್ ಮಾದರಿ) ಅನ್ನುತ್ತಾರೆ. ಮುಂದೆ ಪವರ್ ಡಿಸ್ಕ್ (ಎಂಜಿನ್ ನೆರವಿನಿಂದ ತುಳಿಯಲು ಹಗುರಾಗುವ ಬ್ರೇಕ್), ಹಿಂದೆ ಡ್ರಮ್. ಜಾಹೀರಾತಿನಲ್ಲಿ ‘ನಂಬರ್ಸ್ ಮ್ಯಾಚಿಂಗ್ ಬ್ರೇಕ್ಸ್’ ಅಂತಲೂ ಬರೆದಿದ್ದಾರೆ. ಸಾಮಾನ್ಯ ಕಮಾರೋಗಿಂತ ಬೆಲೆ ಚೆನ್ನಾಗಿಯೇ ಜಾಸ್ತಿ.

ವಿಐಎನ್, ಅಂದರೆ ಗಾಡಿಯ ಗುರುತಿನ ನಂಬರ್, ಶುರುವಾಗುವುದು 124379ಎಲ್ ಅಂತ. ಫೈರ್‌ವಾಲ್ (ಎಂಜಿನ್ ಹಿಂದಿನ ಗೋಡೆ) ಮೇಲಿನ ತಗಡಿನಲ್ಲಿ ಎಲ್‌ಒಎಸ್ ಅಂತ ಇದೆ, 03ಬಿ ಅಂತಲೂ ಇದೆ. ಬಿಲ್ಡ್ ಶೀಟ್ (ಗಾಡಿಗೆ ಏನೇನು ಹಾಕಿದರು ಅನ್ನುವ ಫ್ಯಾಕ್ಟರಿಯ ಪಟ್ಟಿ) ಇಲ್ಲ, ಹಳೇ ಕಾಗದ ಒಂದೂ ಇಲ್ಲ. ಬ್ರೇಕ್ ಭಾಗಗಳು ಕಂಪನಿಯದ್ದೇ ಅಂತ ನೋಡಿ ಹೇಳುವುದು ಹೇಗೆ? ಮುಂದಿನ ವಾರ ಮತ್ತೊಂದು ಸಲ ಗಾಡಿ ನೋಡಲು ಬಿಡುತ್ತಾರೆ, ಅಷ್ಟರೊಳಗೆ ಏನೇನು ನೋಡಬೇಕು ಅಂತ ಹೇಳಿ.

ತುಕ್ಕು_ಶೋಧಕ

ಮೊದಲು ಆ ‘ನಂಬರ್ಸ್ ಮ್ಯಾಚಿಂಗ್ ಬ್ರೇಕ್ಸ್’ ಅನ್ನುವ ಮಾತನ್ನು ತಲೆಯಿಂದ ತೆಗೆದುಹಾಕಿ. ಅಂಥದ್ದೊಂದು ಇಲ್ಲವೇ ಇಲ್ಲ. ಗಾಡಿಯ ನಂಬರಿನ ಒಂದು ತುಣುಕನ್ನು ಎಂಜಿನ್ ಮೇಲೆ, ಗೇರ್‌ಬಾಕ್ಸ್ ಮೇಲೆ ಗುದ್ದುತ್ತಿದ್ದರು, ಬ್ರೇಕ್ ಭಾಗಗಳ ಮೇಲೆ ಗುದ್ದುತ್ತಿರಲಿಲ್ಲ. ಅಲ್ಲಿ ಸಿಗುವುದು ಪಾರ್ಟ್ ನಂಬರ್, ಎರಕದ ನಂಬರ್, ತಾರೀಖು, ಹೆಚ್ಚೆಂದರೆ ಎರಡಕ್ಷರದ ಒಂದು ಕೋಡ್. ಹಾಗಾಗಿ ನೀವು ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಕೇಳಬೇಕು. ಈ ಭಾಗ ಶೆವರ್ಲೆಯ ಒಡೆಯ ಕಂಪನಿ ಜಿಎಂ ಮಾಡಿದ ಅಸಲಿ ಭಾಗವಾ ಅನ್ನುವುದು ಒಂದು. ಇದು ಈ ಗಾಡಿಯ ಜೊತೆಯಲ್ಲೇ ಫ್ಯಾಕ್ಟರಿಯಿಂದ ಹೊರಗೆ ಬಂತಾ ಅನ್ನುವುದು ಇನ್ನೊಂದು. ಮಾರುವವರು ಮೊದಲನೆಯದಕ್ಕೆ ಉತ್ತರ ಕೊಟ್ಟು ಎರಡನೆಯದಕ್ಕೆ ದುಡ್ಡು ಕೇಳುತ್ತಾರೆ.

ನಿಮ್ಮ ವಿಐಎನ್ ವಿಷಯಕ್ಕೆ ಬಂದರೆ, 1 ಅಂದರೆ ಶೆವರ್ಲೆ, 24 ಅಂದರೆ ವಿ8 ಕಮಾರೋ, 37 ಕೂಪೆ, 9 ಅಂದರೆ 1969, ಎಲ್ ಅಂದರೆ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್ ಫ್ಯಾಕ್ಟರಿ, ತಗಡಿನ ಎಲ್‌ಒಎಸ್ ಕೂಡ ಅದೇ. ಎಸ್‌ಎಸ್ ಹೌದೋ ಅಲ್ಲವೋ ಅಂತ ಆ ವರ್ಷದ ವಿಐಎನ್ ಹೇಳುವುದೇ ಇಲ್ಲ. ಓಹಾಯೋದ ನಾರ್ವುಡ್ ಫ್ಯಾಕ್ಟರಿಯ ಗಾಡಿಯಾಗಿದ್ದರೆ 1968ರ ಡಿಸೆಂಬರ್ ನಂತರ ತಗಡಿನ ಮೇಲೆ ಎಕ್ಸ್ ಕೋಡ್ ಬರುತ್ತಿತ್ತು, ಎಕ್ಸ್55 ಇದ್ದರೆ ಎಸ್‌ಎಸ್ ಅಂತ ನೆಮ್ಮದಿಯಾಗಿರಬಹುದಿತ್ತು. ವ್ಯಾನ್ ನೈಸ್‌ನವರು ಅದನ್ನು ಹಾಕಲಿಲ್ಲ. 03ಬಿ ಅಂದರೆ ಮಾರ್ಚ್ ಎರಡನೇ ವಾರ. ಇದನ್ನು ಬರೆದಿಟ್ಟುಕೊಳ್ಳಿ, ಮುಂದೆ ಎಲ್ಲದಕ್ಕೂ ಇದೇ ಅಳತೆಗೋಲು.

ನಿಮಗೆ ಬ್ರೇಕ್ ಯಾಕೆ ಮುಖ್ಯ ಅಂದರೆ, 1969ರ ಎಸ್‌ಎಸ್ ಪ್ಯಾಕೇಜಿನಲ್ಲಿ ಮುಂದಿನ ಪವರ್ ಡಿಸ್ಕ್ ಸೇರಿಯೇ ಬರುತ್ತಿತ್ತು. ಸಾಮಾನ್ಯ ಕಮಾರೋಗಳಿಗೆ ನಾಲ್ಕೂ ಕಡೆ ಒಂಬತ್ತೂವರೆ ಇಂಚಿನ ಡ್ರಮ್ಮೇ ಗತಿ, ಡಿಸ್ಕ್ ಬೇಕಿದ್ದರೆ ಜೆ52 ಅಂತ ಬೇರೆ ದುಡ್ಡು ಕೊಡಬೇಕು, ಪವರ್ ಬೇಕಿದ್ದರೆ ಜೆ50 ಅಂತ ಮತ್ತಷ್ಟು. ಅಂದರೆ ಈ ಗಾಡಿ ಡ್ರಮ್ ಬ್ರೇಕಿನಲ್ಲಿ ಹುಟ್ಟಿದ್ದು ಅಂತ ಗೊತ್ತಾದರೆ, ಅದು ಎಸ್‌ಎಸ್ ಅಲ್ಲ. ಅಷ್ಟೇ ಕಥೆ.

ಕಮಾರೋ_ಕನಸು

ಅಯ್ಯೋ, ನಾನು ಬ್ರೇಕ್ ಒಂದನ್ನೇ ಕೇಳಿದೆ, ನೀವು ಗಾಡಿಯ ಜಾತಕವನ್ನೇ ತೆಗೆದುಬಿಟ್ಟಿರಿ. ಸರಿ, ಕ್ಯಾಲಿಪರ್‌ನಿಂದ ಶುರು ಮಾಡಲಾ?

ತುಕ್ಕು_ಶೋಧಕ

ಕ್ಯಾಲಿಪರ್, ಅಂದರೆ ಡಿಸ್ಕನ್ನು ಕಚ್ಚಿ ಹಿಡಿಯುವ ಭಾಗ, ನೋಡಿ, ಆದರೆ ಅದರಿಂದ ದೊಡ್ಡ ತೀರ್ಮಾನ ಮಾಡಬೇಡಿ. 67 ಮತ್ತು 68ರ ಕಮಾರೋ ಡಿಸ್ಕಿಗೆ ನಾಲ್ಕು ಪಿಸ್ಟನ್ನಿನ, ಅಲುಗಾಡದ ಕ್ಯಾಲಿಪರ್. 69ಕ್ಕೆ ಜಿಎಂನದ್ದೇ ಬ್ರೇಕ್ ವಿಭಾಗವಾದ ಡೆಲ್ಕೊ ಮೊರೇನ್‌ನ ಒಂದೇ ಪಿಸ್ಟನ್ನಿನ, ಜಾರುವ ಕ್ಯಾಲಿಪರ್ ಬಂತು. ಪಿಸ್ಟನ್ ಅಗಲ 2 15/16 ಇಂಚು, ರೋಟರ್, ಅಂದರೆ ತಿರುಗುವ ಡಿಸ್ಕ್, 11 ಇಂಚು. ನಾಲ್ಕು ಪಿಸ್ಟನ್ ಕಂಡರೆ, ನಾಲ್ಕೂ ಕಡೆ ಡಿಸ್ಕ್ ಇರುವ ಅಪರೂಪದ ಗಾಡಿಯಲ್ಲದಿದ್ದರೆ, ಅದು ಹಳೇ ಗಾಡಿಯಿಂದ ಬಿಚ್ಚಿ ಹಾಕಿದ್ದು. ಒಂದೇ ಪಿಸ್ಟನ್ ಕಂಡರೆ ಏನೂ ಸಾಬೀತಾಗಲಿಲ್ಲ, ಯಾಕೆಂದರೆ ಅದೇ ಅಳತೆಯ ಕ್ಯಾಲಿಪರನ್ನು ಜಿಎಂ ಎಪ್ಪತ್ತರ ದಶಕದಲ್ಲಿ ಎಷ್ಟೋ ಗಾಡಿಗಳಿಗೆ ಹಾಕಿತು. ಗುಜರಿಯಿಂದ ತಂದು ಸಿಕ್ಕಿಸುವುದು ಅಂಥ ಕಷ್ಟದ ಕೆಲಸವಲ್ಲ. ಅದೂ ಅಲ್ಲದೆ ಐವತ್ತು ವರ್ಷ ಓಡಿದ ಗಾಡಿಗೆ ಕ್ಯಾಲಿಪರ್ ಬದಲಾಗಿರುವುದೇ ಸಹಜ. ಬದಲಾಗಿದ್ದರೆ ಅದಕ್ಕೆ ಬೈಯಬೇಡಿ.

ಬಾನೆಟ್ ಎತ್ತಿ ಮಾಸ್ಟರ್ ಸಿಲಿಂಡರ್ ನೋಡಿ, ಪೆಡಲ್ ತುಳಿದಾಗ ಬ್ರೇಕ್ ಎಣ್ಣೆಯನ್ನು ಚಕ್ರಗಳಿಗೆ ತಳ್ಳುವುದು ಅದೇ. ಅಸಲಿಯಾದರೆ ಎರಕದಲ್ಲೇ ಉಬ್ಬಿದ ಡೆಲ್ಕೊ ಮೊರೇನ್ ಅಕ್ಷರ ಇರುತ್ತದೆ. ಮುಂಭಾಗದಲ್ಲಿ ಚಪ್ಪಟೆಯಾಗಿ ಕಡೆದ ಒಂದು ಜಾಗ ಇದೆ, ಅಲ್ಲಿ ಎರಡಕ್ಷರದ ಕೋಡ್ ಗುದ್ದಿರುತ್ತಾರೆ. ಫ್ಯಾಕ್ಟರಿ ಸಾಲಿನಲ್ಲಿ ಯಾವ ಗಾಡಿಗೆ ಯಾವುದು ಅಂತ ಹುಡುಗರು ಥಟ್ಟನೆ ಗುರುತಿಸಲಿ ಅಂತ ಆ ಕೋಡ್. ಡ್ರಮ್‌ನ ಸಿಲಿಂಡರಿನಲ್ಲಿ ಎಣ್ಣೆ ನಿಲ್ಲುವ ಎರಡು ಗುಂಡಿಗಳೂ ಒಂದೇ ಅಳತೆ, ಡಿಸ್ಕ್‌ನದ್ದರಲ್ಲಿ ಒಂದು ದೊಡ್ಡದು, ಯಾಕೆಂದರೆ ಪ್ಯಾಡ್ ಸವೆದಂತೆಲ್ಲ ಡಿಸ್ಕ್ ಕಡೆಗೆ ಜಾಸ್ತಿ ಎಣ್ಣೆ ಇಳಿಯುತ್ತದೆ.

ಮಸ್ಟಾಂಗ್_ಮಾವ

ನಡುವೆ ಬಾಯಿ ಹಾಕುತ್ತಿದ್ದೇನೆ. ಎರಡಕ್ಷರ ಗುದ್ದುವ ಅಚ್ಚು ಯಾರ ಹತ್ತಿರ ಬೇಕಾದರೂ ಸಿಗುತ್ತದೆ. ಸಿಲಿಂಡರ್ ಹೊಸದಾಗಿ ಮಾಡಿಸಿ, ಮೇಲೆ ಕೋಡ್ ಗುದ್ದಿ ಮಾರುವವರು ಇದ್ದಾರೆ, ಮತ್ತು ಅವರಲ್ಲಿ ಹೆಚ್ಚಿನವರು ರಿಪ್ರೊಡಕ್ಷನ್ ಅಂತ ಹೇಳಿಯೇ ಮಾರುತ್ತಾರೆ, ಆದರೆ ಕೊಂಡವನು ಮುಂದಿನವನಿಗೆ ಹಾಗೆ ಹೇಳಬೇಕಲ್ಲ! ಕೋಡ್ ನೋಡಿ ಕುಣಿಯಬೇಡಿ ಕನಸು ಅವರೇ. ಅಕ್ಷರದ ಸುತ್ತ ಕಬ್ಬಿಣ ಹೇಗಿದೆ ನೋಡಿ. ಕಡೆದ ಗೀರುಗಳ ಮೇಲೆ ಗುದ್ದಿದ್ದಾರಾ, ಅಥವಾ ಉಜ್ಜಿ ನುಣ್ಣಗೆ ಮಾಡಿ ಆಮೇಲೆ ಗುದ್ದಿದ್ದಾರಾ? ಹಳೇ ತುಕ್ಕು ಅಕ್ಷರದ ಒಳಗೂ ಇರಬೇಕು.

ನಮ್ಮ ಫೋರ್ಡ್ ಪುಣ್ಯಕ್ಕೆ ಇದನ್ನೆಲ್ಲ ಸುಲಭ ಮಾಡಿಟ್ಟಿದೆ. ನನ್ನದು 67ರ ಮಸ್ಟಾಂಗ್. ಅದರ ಭಾಗದ ಮೇಲೆ ಸಿ7ಝಡ್ಎ ಅಂತ ಶುರುವಾಗುವ ನಂಬರ್ ಇದ್ದರೆ, ಸಿ ಅಂದರೆ ಅರವತ್ತರ ದಶಕ, 7 ಅಂದರೆ 67, ಝಡ್ ಅಂದರೆ ಮಸ್ಟಾಂಗ್. ನಡುವಿನ ಅಂಕಿ ಭಾಗ ಯಾವುದು ಅಂತ ಹೇಳುತ್ತದೆ, 2140 ಅಂದರೆ ಮಾಸ್ಟರ್ ಸಿಲಿಂಡರ್. ತಾರೀಖು ಮೊದಲು ವರ್ಷ, ಆಮೇಲೆ ತಿಂಗಳಿನ ಅಕ್ಷರ, ಆಮೇಲೆ ದಿನ. 7ಸಿ12 ಅಂದರೆ 1967ರ ಮಾರ್ಚ್ 12. ಒಂದೇ ಒಂದು ತಲೆನೋವು ಅಂದರೆ, ಭಾಗದ ಮೇಲೆ ಎರಕ ಹೊಯ್ದ ನಂಬರ್ ಒಂದು, ಅಂಗಡಿಯ ಪೆಟ್ಟಿಗೆಯ ಮೇಲಿನ ನಂಬರ್ ಇನ್ನೊಂದು. ಪೆಟ್ಟಿಗೆಯದ್ದರಲ್ಲಿ ನಾಲ್ಕನೇ ಅಕ್ಷರವೂ ಝಡ್ ಆಗಿರುತ್ತದೆ. ಎರಡೂ ತಾಳೆಯಾಗಲಿಲ್ಲ ಅಂತ ಜನ ಅಸಲಿ ಭಾಗವನ್ನೇ ವಾಪಸ್ ಕಳಿಸಿಬಿಡುತ್ತಾರೆ, ನಗು ಬರುತ್ತದೆ.

ಕ್ಯಾಲಿಪರ್ ವಿಷಯ ನಮ್ಮಲ್ಲೂ ಹಾಗೇ. 65ರಿಂದ 67ರವರೆಗೆ ಕೆಲ್ಸಿ ಹೇಯ್ಸ್‌ನ ನಾಲ್ಕು ಪಿಸ್ಟನ್, 68ರಿಂದ ಒಂದು ಪಿಸ್ಟನ್. ಜೊತೆಗೆ 67ರಿಂದ ಈಚಿನ ಗಾಡಿಯಾದರೆ ದುಡ್ಡು ಕೊಟ್ಟು ಮಾರ್ಟಿ ರಿಪೋರ್ಟ್ ತರಿಸಿಕೊಳ್ಳಬಹುದು, ಫೋರ್ಡ್‌ನ ದಾಖಲೆಯಿಂದಲೇ ಯಾವ ಆಪ್ಷನ್ ಇತ್ತು ಅಂತ ಬರುತ್ತದೆ. ಪವರ್ ಡಿಸ್ಕ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಜಗಳವೇ ಇಲ್ಲ.

ಮೋಪಾರ್_ಮನೆಮಂದಿ

ಡಾಜ್, ಪ್ಲಿಮತ್‌ನವರಿಗೂ ಅಷ್ಟೇ. ನನ್ನ 70ರ ಚಾಲೆಂಜರ್‌ನ ಫೆಂಡರ್ ತಗಡಿನಲ್ಲಿ ಬಿ41 ಅಂತ ಇದೆ, ಅಂದರೆ ಮುಂದೆ ಡಿಸ್ಕ್. ಬಿ51, ಅಂದರೆ ಪವರ್. ಮುಗಿಯಿತು. ಶೆವಿಯವರು, ಅಂದರೆ ಶೆವರ್ಲೆಯವರು, ಮಾತ್ರ ಪತ್ತೇದಾರಿ ಮಾಡಬೇಕು.

ತುಕ್ಕು_ಶೋಧಕ

ನಿಜ. ಪಾಂಟಿಯಾಕ್ ಆಗಿದ್ದರೆ ಪಿಎಚ್‌ಎಸ್‌ನಿಂದ (ಪಾಂಟಿಯಾಕ್ ಹಿಸ್ಟಾರಿಕ್ ಸರ್ವೀಸಸ್) ದಾಖಲೆ ತರಿಸಬಹುದಿತ್ತು. ಶೆವರ್ಲೆಗೆ ಅಮೆರಿಕದಲ್ಲಿ ಆ ಭಾಗ್ಯ ಇಲ್ಲ, ಹೊಸದರಲ್ಲಿ ಕೆನಡಾದಲ್ಲಿ ಮಾರಾಟವಾದ ಗಾಡಿಯಾಗಿದ್ದರೆ ಮಾತ್ರ ಜಿಎಂ ಕೆನಡಾದ ಕಾಗದ ಸಿಗುತ್ತದೆ. ಬಿಲ್ಡ್ ಶೀಟ್ ಸೀಟಿನ ಸ್ಪ್ರಿಂಗ್ ಒಳಗೆ, ಪೆಟ್ರೋಲ್ ಟ್ಯಾಂಕಿನ ಮೇಲೆ ಸಿಕ್ಕಿದ್ದುಂಟು, ಆದರೆ ಬೇರೆಯವರ ಗಾಡಿಯ ಟ್ಯಾಂಕ್ ಇಳಿಸಲು ಯಾರು ಬಿಡುತ್ತಾರೆ.

ಈಗ ಬೂಸ್ಟರ್, ಅಂದರೆ ಪವರ್ ಬ್ರೇಕಿನಲ್ಲಿ ಕಾಲಿನ ಬಲವನ್ನು ಹೆಚ್ಚಿಸುವ ಡಬ್ಬಿ. ಅಸಲಿ ಡೆಲ್ಕೊ ಮೊರೇನ್ ಬೂಸ್ಟರಿನ ಮೇಲೆ ಅಂಕಿ ಗುದ್ದಿರುತ್ತಾರೆ. ಅದರಲ್ಲಿ ವರ್ಷದ ಕೊನೆಯ ಅಂಕಿ ಇರುತ್ತದೆ, ಜೊತೆಗೆ ಅದು ವರ್ಷದ ಎಷ್ಟನೇ ದಿನ ಅನ್ನುವ ಮೂರಂಕಿ. ನಿಮ್ಮ ಗಾಡಿ 69ರ ಮಾರ್ಚ್ ಎರಡನೇ ವಾರದ್ದು, ಅಂದರೆ ಸುಮಾರು ಎಪ್ಪತ್ತನೇ ದಿನ. ಬೂಸ್ಟರ್ ಅದಕ್ಕಿಂತ ಸ್ವಲ್ಪ ಹಿಂದಿನದ್ದಾಗಿರಬೇಕು, ಕೆಲವು ದಿನದಿಂದ ಹಿಡಿದು ಎರಡು ಮೂರು ತಿಂಗಳು ಹಿಂದೆ. ಗಾಡಿಗಿಂತ ಆಮೇಲೆ ಹುಟ್ಟಿದ ಭಾಗ ಗಾಡಿಯ ಜೊತೆ ಬಂದಿರಲು ಸಾಧ್ಯವಿಲ್ಲ ಅಲ್ವಾ. ಬೂಸ್ಟರಿಗೆ ಹಳದಿ ಬಂಗಾರದ ಥರದ ಲೇಪ ಇರುತ್ತಿತ್ತು. ಈಗ ಹೊಸದಾಗಿ ಮಾಡುವವರದ್ದು ಮದುವೆಮನೆಯ ಒಡವೆ ಹಾಗೆ ಥಳಥಳ ಹೊಳೆಯುತ್ತದೆ.

ಶೆವಿಯ ಎರಕದ ತಾರೀಖು ಓದುವಾಗ ಒಂದು ಎಚ್ಚರ. ಇಲ್ಲಿ ತಿಂಗಳಿನ ಅಕ್ಷರ ಮೊದಲು, ಆಮೇಲೆ ದಿನ, ಕೊನೆಗೆ ವರ್ಷದ ಒಂದೇ ಅಂಕಿ. ಬಿ149 ಅಂದರೆ 69ರ ಫೆಬ್ರವರಿ 14. ಮಾವನವರ ಫೋರ್ಡ್ ಲೆಕ್ಕದಲ್ಲಿ ಐ ಅಕ್ಷರ ಬಿಟ್ಟುಬಿಡುತ್ತಾರೆ, ಶೆವಿಯಲ್ಲಿ ಬಿಡುವುದಿಲ್ಲ, ಐ ಅಂದರೆ ಸೆಪ್ಟೆಂಬರ್.

ಜೆಸಿ_ರೋಡ್_ಹುಡುಗ

ಬೆಂಗಳೂರಿನಿಂದ ಸುಮ್ನೆ ಓದುತ್ತಾ ಕೂತಿದ್ದೇನೆ. ನಮ್ಮ ಜೆಸಿ ರೋಡಿನಲ್ಲಿ ಅಂಗಡಿಯವರು ‘ಒರಿಜಿನಲ್ಲಾ, ಡೂಪ್ಲಿಕೇಟಾ?’ ಅಂತ ಮೊದಲೇ ಕೇಳಿ ಎರಡು ರೇಟ್ ಹೇಳುತ್ತಾರೆ. ನಿಮ್ಮಲ್ಲಿ ಮೂರನೇ ಜಾತಿ ಒಂದಿದೆ, ಅಸಲಿ ಆದರೆ ಬೇರೆ ಗಾಡಿಯದ್ದು. ಒಂದು ಪ್ರಶ್ನೆ, ಎನ್‌ಒಎಸ್ ಅಂತಾರಲ್ಲ, ಹಳೇ ಸ್ಟಾಕಿನ ಹೊಸ ಮಾಲು, ಅದನ್ನು ಹಾಕಿದರೆ ಒರಿಜಿನಲ್ ಅನ್ನಬಹುದಾ?

ತುಕ್ಕು_ಶೋಧಕ

ಕಂಪನಿಯ ಮಾಲು ಅನ್ನಬಹುದು, ಈ ಗಾಡಿಯದ್ದು ಅನ್ನಲಾಗದು. ಸರ್ವೀಸ್‌ಗೆ ಅಂತ ಕೌಂಟರಿನಲ್ಲಿ ಮಾರಿದ ಭಾಗಕ್ಕೆ ಆ ಸಾಲಿನ ಕೋಡ್ ಇಲ್ಲದೆಯೂ ಇರಬಹುದು, ತಾರೀಖು ಎಷ್ಟೋ ವರ್ಷ ಆಮೇಲಿನದ್ದಾಗಿರಬಹುದು.

ಕನಸು ಅವರೇ, ಈಗ ನನಗೆ ಎಲ್ಲಕ್ಕಿಂತ ನಂಬಿಕೆ ಇರುವ ಜಾಗ ಹೇಳುತ್ತೇನೆ. ಬಾನೆಟ್ ಮುಚ್ಚಿ. ಡ್ರೈವರ್ ಕಡೆ ಕೆಳಗೆ ಮಲಗಿ, ಟಾರ್ಚ್ ಹಿಡಿದು, ಬ್ರೇಕ್ ಪೆಡಲಿನ ತೋಳನ್ನು ಮೇಲ್ಗಡೆ ನೋಡಿ. ಪುಶ್ ರಾಡ್ (ಪೆಡಲಿನ ಒತ್ತನ್ನು ಮುಂದಕ್ಕೆ ಸಾಗಿಸುವ ಸರಳು) ಸಿಕ್ಕಿಸಲು ಅಲ್ಲಿ ಎರಡು ತೂತು ಇವೆ. ಪವರ್ ಇಲ್ಲದ ಬ್ರೇಕಿಗೆ ಮೇಲಿನ ತೂತು, ಕಾಲಿನ ಬಲಕ್ಕೆ ಜಾಸ್ತಿ ಸನ್ನೆ ಸಿಗಲಿ ಅಂತ. ಪವರ್ ಬ್ರೇಕಿಗೆ ಕೆಳಗಿನ ತೂತು. ಈಗ ರಾಡ್ ಯಾವುದರಲ್ಲಿದೆ ಅನ್ನುವುದು ಮುಖ್ಯವಲ್ಲ, ಬೂಸ್ಟರ್ ಹಾಕಿದವರು ಅದನ್ನು ಕೆಳಗೆ ಇಳಿಸಿಯೇ ಇರುತ್ತಾರೆ. ಖಾಲಿ ಇರುವ ತೂತನ್ನು ನೋಡಿ. ಫ್ಯಾಕ್ಟರಿ ಪವರ್ ಗಾಡಿಯಲ್ಲಿ ಮೇಲಿನ ತೂತಿಗೆ ಯಾವತ್ತೂ ಏನೂ ತಾಗಿರುವುದಿಲ್ಲ, ಒಳಗೆ ಹಳೇ ಬಣ್ಣ ಕೂಡ ಇರಬಹುದು. ಅದು ಸವೆದು ಮಿನುಗುತ್ತಿದ್ದರೆ, ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ, ವರ್ಷಗಟ್ಟಲೆ ಅಲ್ಲಿ ರಾಡ್ ಆಡಿದೆ ಅಂತ ಅರ್ಥ. ಬೂಸ್ಟರ್ ಕೊಂಡು ಹಾಕುವವರು ಪೆಡಲಿನ ತೂತಿಗೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಪೆಡಲಿನ ರಬ್ಬರ್ ಮೇಲೆ ಡಿಸ್ಕ್ ಬ್ರೇಕ್ ಅಂತ ಬಿಲ್ಲೆ ಇದ್ದರೆ ಅದಕ್ಕೆ ಕವಡೆ ಕಾಸಿನ ಬೆಲೆ ಕೊಡಬೇಡಿ. ಅದು ಹೊಸದಾಗಿಯೇ ಸಿಗುತ್ತದೆ.

ಇನ್ನೊಂದು, ವಾಲ್ವ್. 69ರ ಡಿಸ್ಕ್ ಗಾಡಿಯಲ್ಲಿ ಪೈಪುಗಳನ್ನು ಹಂಚುವ ಹಿತ್ತಾಳೆಯ ಬ್ಲಾಕ್ ಬೇರೆ, ಮೀಟರಿಂಗ್ ವಾಲ್ವ್ ಬೇರೆ. ಹಿಂದಿನ ಡ್ರಮ್ಮಿನ ಶೂಗಳು ಸ್ಪ್ರಿಂಗ್ ದಾಟಿ ತಾಗುವವರೆಗೆ ಮುಂದಿನ ಡಿಸ್ಕಿಗೆ ಒತ್ತಡವನ್ನು ತಡೆದು ಹಿಡಿಯುವುದು ಆ ವಾಲ್ವಿನ ಕೆಲಸ. ಎರಡನ್ನೂ ಒಂದೇ ದೇಹದಲ್ಲಿ ಸೇರಿಸಿದ ಕಾಂಬಿನೇಷನ್ ವಾಲ್ವ್ ಬಂದದ್ದು 71ರ ಹೊತ್ತಿಗೆ. ಡ್ರಮ್ ತೆಗೆದು ಡಿಸ್ಕ್ ಹಾಕುವ ಕನ್ವರ್ಷನ್ ಕಿಟ್‌ಗಳಲ್ಲಿ ಈ ಕಾಂಬಿನೇಷನ್ ವಾಲ್ವನ್ನು ಮಾಸ್ಟರ್ ಸಿಲಿಂಡರಿನ ಪಕ್ಕಕ್ಕೇ ಬ್ರಾಕೆಟ್ ಕೊಟ್ಟು ನೇತುಹಾಕುತ್ತಾರೆ, ಬಗ್ಗಿಸಿದ ಪುಟ್ಟ ಪುಟ್ಟ ಪೈಪುಗಳ ಸಮೇತ. ಬಾನೆಟ್ ಎತ್ತಿದ ತಕ್ಷಣ ಕಾಣುತ್ತದೆ.

ರಿವೆಟ್_ರಾಯ

ಕಾರ್ವೆಟ್‌ನವನು ಬಂದೆ, ಜಾಗ ಬಿಡಿ. ನಮ್ಮಲ್ಲಿ 65ರಿಂದಲೇ ನಾಲ್ಕೂ ಚಕ್ರಕ್ಕೆ ಡಿಸ್ಕ್, ಆಗಲೇ ನಾಲ್ಕು ಪಿಸ್ಟನ್. ಅಸಲಿ ರೋಟರ್ ಗುರುತಿಸುವುದು ಬಹಳ ಸುಲಭ. ಫ್ಯಾಕ್ಟರಿಯಲ್ಲಿ ರೋಟರನ್ನು ಹಬ್‌ಗೆ (ಚಕ್ರ ಕೂರುವ ನಡುಭಾಗ) ರಿವೆಟ್ ಹೊಡೆದು ಕೂರಿಸಿ ಎರಡನ್ನೂ ಸೇರಿಸಿ ಕಡೆಯುತ್ತಿದ್ದರು. ರೋಟರ್ ಬದಲಿಸಬೇಕಾದರೆ ಆ ರಿವೆಟ್ ಕೊರೆದು ತೆಗೆಯಲೇಬೇಕು, ಆಮೇಲೆ ಯಾರೂ ಮತ್ತೆ ರಿವೆಟ್ ಹೊಡೆಯುವ ಗೋಜಿಗೆ ಹೋಗುವುದು ಕಡಿಮೆ. ರಿವೆಟ್ ತಲೆಗಳು ಹಾಗೇ ಇದ್ದರೆ ರೋಟರ್ ಹುಟ್ಟಿದಾಗಿನದ್ದೇ.

ಕಮಾರೋದವರಿಗೆ ಇದು ಯಾಕೆ ಅಂದರೆ, 69ರಲ್ಲಿ ಜೆಎಲ್8 ಅಂತ ಒಂದು ಆಪ್ಷನ್ ಇತ್ತು. ನಾಲ್ಕೂ ಕಡೆ ಡಿಸ್ಕ್, ಕಾರ್ವೆಟ್ ಮಾದರಿಯ ಕ್ಯಾಲಿಪರ್. ಬೆಲೆ ಆ ಕಾಲಕ್ಕೆ 500 ಡಾಲರ್ ಚಿಲ್ಲರೆ. ಮಾರಾಟವಾದದ್ದು ಬರೀ 206. ಯಾರಾದರೂ ನಿಮಗೆ ಜೆಎಲ್8 ಗಾಡಿ ಅಂತ ತೋರಿಸಿದರೆ ನಮಸ್ಕಾರ ಹಾಕಿ ಕಾಗದ ಕೇಳಿ.

ಮಸ್ಟಾಂಗ್_ಮಾವ

ರಾಯರೇ, ನಿಮ್ಮ ಕ್ಯಾಲಿಪರ್ ಸೋರುವ ಕಥೆಯನ್ನೂ ಹೇಳಿ.

ರಿವೆಟ್_ರಾಯ

ಹೇಳುತ್ತೇನೆ, ಅದರಲ್ಲೇನು ಮುಚ್ಚುಮರೆ. ಎರಕದ ಕಬ್ಬಿಣದ ಕ್ಯಾಲಿಪರ್, ಗಾಡಿ ಸುಮ್ಮನೆ ನಿಂತರೆ ಬ್ರೇಕ್ ಎಣ್ಣೆ ನೀರು ಹೀರುತ್ತದೆ, ಒಳಗೆ ತುಕ್ಕಿನ ಗುಳಿ ಬೀಳುತ್ತದೆ, ಸೀಲ್ ಹಿಡಿಯುವುದಿಲ್ಲ. ಹಾಗಂತ ಅಸಲಿ ಕ್ಯಾಲಿಪರ್ ಬಿಸಾಡಬೇಡಿ. ಒಳಗೆ ಕಡೆದು ಸ್ಟೇನ್‌ಲೆಸ್ ಸ್ಟೀಲಿನ ಕೊಳವೆ (ಸ್ಲೀವ್) ಕೂರಿಸುತ್ತಾರೆ. ಹೊರಗೆ ಎರಕದ ನಂಬರ್ ಹಾಗೇ ಉಳಿಯುತ್ತದೆ, ಒಳಗೆ ತುಕ್ಕಿನ ಚಿಂತೆ ಇಲ್ಲ.

ಕಮಾರೋ_ಕನಸು

ಗಾಡಿ ನೋಡಿ ಬಂದೆ. ಹೇಳಿದ್ದೆಲ್ಲ ನೋಡಿದ್ದೇನೆ, ಮಾರುವವರು ಪಕ್ಕದಲ್ಲೇ ನಿಂತು ಒಂದೊಂದಕ್ಕೂ ನಿಟ್ಟುಸಿರು ಬಿಡುತ್ತಿದ್ದರು.

ಕ್ಯಾಲಿಪರ್ ಒಂದು ಪಿಸ್ಟನ್. ಮಾಸ್ಟರ್ ಸಿಲಿಂಡರ್ ಮೇಲೆ ಕೋಡ್ ಇಲ್ಲ, ಚಪ್ಪಟೆ ಜಾಗವೇ ಇಲ್ಲ, ಡೆಲ್ಕೊ ಅನ್ನುವ ಅಕ್ಷರವೂ ಇಲ್ಲ. ಬೂಸ್ಟರ್ ಡೆಲ್ಕೊ ಮೊರೇನ್‌ನದ್ದೇ, ಅದನ್ನು ಅವರು ಬಹಳ ಹೆಮ್ಮೆಯಿಂದ ತೋರಿಸಿದರು, ಆದರೆ ವರ್ಷದ ಅಂಕಿ 1, ದಿನ 043. ಕಾಂಬಿನೇಷನ್ ವಾಲ್ವ್ ಸಿಲಿಂಡರಿನ ಪಕ್ಕಕ್ಕೇ ಜೋತಾಡುತ್ತಿದೆ, ನೀವು ಹೇಳಿದ ಹಾಗೇ. ಪೆಡಲಿನಲ್ಲಿ ರಾಡ್ ಕೆಳಗಿನ ತೂತಿನಲ್ಲಿದೆ. ಮೇಲಿನ ತೂತು ಸವೆದು ಉದ್ದಕ್ಕಾಗಿದೆ. ಫೋಟೋ ಹಾಕಿದ್ದೇನೆ.

ತುಕ್ಕು_ಶೋಧಕ

1971ರ ಫೆಬ್ರವರಿ 12. ಅಸಲಿ ಬೂಸ್ಟರ್, ನಿಮ್ಮ ಗಾಡಿ ರಸ್ತೆಗೆ ಬಂದು ಎರಡು ವರ್ಷ ಆಗುತ್ತಾ ಬಂದಾಗ ತಯಾರಾದದ್ದು. ಫೋಟೋದಲ್ಲಿ ಆ ಮೇಲಿನ ತೂತು ನೋಡಿದೆ, ಅನುಮಾನವೇ ಇಲ್ಲ, ಈ ಪೆಡಲ್ ಬಹಳ ಕಾಲ ಪವರ್ ಇಲ್ಲದ ಬ್ರೇಕ್ ತುಳಿದಿದೆ.

ಮೋಪಾರ್_ಮನೆಮಂದಿ

ಒಂದು ನಿಮಿಷ. ಪವರ್ ಇಲ್ಲದ ಡಿಸ್ಕ್ ಕೂಡ ಆಗಿರಬಹುದಲ್ಲ? ಅಥವಾ ಪೆಡಲ್ಲೇ ಬೇರೆ ಗಾಡಿಯದ್ದಾಗಿದ್ದರೆ?

ತುಕ್ಕು_ಶೋಧಕ

ಒಳ್ಳೆಯ ಪ್ರಶ್ನೆ. ಪವರ್ ಇಲ್ಲದ ಡಿಸ್ಕ್ ಆಗಿದ್ದರೂ ಎಸ್‌ಎಸ್ ವಾದ ನಿಲ್ಲುವುದಿಲ್ಲ, ಎಸ್‌ಎಸ್ ಜೊತೆ ಬರುತ್ತಿದ್ದದ್ದು ಪವರ್ ಡಿಸ್ಕ್. ಪೆಡಲ್ ಬದಲಾಗಿರಬಹುದು, ಒಪ್ಪುತ್ತೇನೆ. ಅದಕ್ಕೇ ಒಂದೇ ಸಾಕ್ಷಿಗೆ ತೂಗುಹಾಕಿಕೊಳ್ಳಬಾರದು. ಕನಸು ಅವರೇ, ಹಿಂದಿನ ಆಕ್ಸಲ್‌ನ ಮುಚ್ಚಳದಲ್ಲಿ ಎಷ್ಟು ಬೋಲ್ಟ್ ಇತ್ತು ನೋಡಿದಿರಾ? 69ರ ಎಸ್‌ಎಸ್‌ಗೆ 12 ಬೋಲ್ಟಿನದ್ದು ಬರಬೇಕು.

ಕಮಾರೋ_ಕನಸು

ಫೋಟೋ ದೊಡ್ಡದು ಮಾಡಿ ಎಣಿಸಿದೆ. ಹತ್ತು.

ಮಸ್ಟಾಂಗ್_ಮಾವ

ಹತ್ತು! ಪಾಪ, ಆ ಎಸ್‌ಎಸ್ ಬಿಲ್ಲೆ ಒಂದೇ ಎಸ್‌ಎಸ್ ಆಗಿ ಉಳಿಯಿತು.

ತುಕ್ಕು_ಶೋಧಕ

ಪೆಡಲ್, ವಾಲ್ವ್, ಬೂಸ್ಟರಿನ ತಾರೀಖು, ಆಕ್ಸಲ್. ನಾಲ್ಕೂ ಒಂದೇ ಕಡೆ ಬೆರಳು ತೋರಿಸುತ್ತಿವೆ. ನನ್ನ ಮಟ್ಟಿಗೆ ಇದು ಡ್ರಮ್ ಬ್ರೇಕಿನಲ್ಲಿ ಹುಟ್ಟಿದ ಸಾಮಾನ್ಯ ವಿ8 ಕಮಾರೋ. ಕೆಟ್ಟ ಗಾಡಿ ಅಂತಲ್ಲ. ಎಸ್‌ಎಸ್ ಬೆಲೆಗೆ ಮಾತ್ರ ಕೊಳ್ಳಬೇಡಿ.

ಜೆಸಿ_ರೋಡ್_ಹುಡುಗ

ಹಾಗಾದರೆ ತಗೊಂಡ ಮೇಲೆ ಡಿಸ್ಕ್ ಕಿತ್ತು ಮತ್ತೆ ಡ್ರಮ್ ಹಾಕಬೇಕಾ, ಒರಿಜಿನಲ್ ಮಾಡಲು?

ರಿವೆಟ್_ರಾಯ

ಯಾಕಪ್ಪಾ? ಜಡ್ಜ್‌ಗಳ ಮುಂದೆ ನಿಲ್ಲಿಸುವ ಗಾಡಿಯಾದರೆ ಯೋಚಿಸಬಹುದು. ಮನೆಮಂದಿಯನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಓಡಿಸುವ ಗಾಡಿಗೆ ಡಿಸ್ಕ್ ಇರಲಿ. ಮಳೆಯಲ್ಲಿ ಒದ್ದೆಯಾದ ಹಳೇ ಡ್ರಮ್ಮನ್ನು ನಾಲ್ಕೂ ಕಡೆ ನಂಬಿ ಓಡಿಸಿದವರಿಗೆ ಗೊತ್ತು ಅದರ ಸುಖ.

ಕಮಾರೋ_ಕನಸು

ನಾನೂ ಹಾಗೇ ಅಂದುಕೊಂಡೆ. ಸಾಮಾನ್ಯ ಕಮಾರೋ ಬೆಲೆ ಹೇಳಿ ಬಂದಿದ್ದೇನೆ. ಮಾರುವವರು ಮುಖ ಸಣ್ಣ ಮಾಡಿಕೊಂಡರು, ಆದರೆ ಸಂಜೆ ಅವರೇ ಫೋನ್ ಮಾಡಿ ‘ಸ್ವಲ್ಪ ಹೆಚ್ಚು ಮಾಡಿ’ ಅಂದರು. ಆಗುವ ಹಾಗಿದೆ. ತಂದ ಮೇಲೆ ಮೊದಲು ಏನು ಮಾಡಲಿ?

ತುಕ್ಕು_ಶೋಧಕ

ರಬ್ಬರ್ ಹೋಸ್‌ಗಳನ್ನು ಕಣ್ಣು ಮುಚ್ಚಿ ಬದಲಿಸಿ. ಹಳೇ ಹೋಸ್ ಅಸಲಿಯೇ ಆಗಿದ್ದರೂ ಡಬ್ಬಿಯಲ್ಲಿಟ್ಟು ಹೆಸರು ಬರೆದಿಡಿ, ರಸ್ತೆಗೆ ಬೇಡ. ಹೊರಗೆ ಚೆನ್ನಾಗಿ ಕಾಣುತ್ತದೆ, ಒಳಗೆ ಉಬ್ಬಿ ಎಣ್ಣೆಯನ್ನು ವಾಪಸ್ ಬಿಡುವುದಿಲ್ಲ, ಕ್ಯಾಲಿಪರ್ ಕಚ್ಚಿಕೊಂಡೇ ಇರುತ್ತದೆ.

ಆಮೇಲೆ ಮಾಸ್ಟರ್ ಸಿಲಿಂಡರ್ ಬಿಚ್ಚಿ ಪಿಸ್ಟನ್ನಿನ ಹಿಂದಿನ ಗುಳಿ ನೋಡಿ. ಪವರ್ ಬ್ರೇಕಿನದ್ದಕ್ಕೆ ಆಳ ಕಡಿಮೆ, ಪವರ್ ಇಲ್ಲದ್ದಕ್ಕೆ ಆಳ ಜಾಸ್ತಿ. ಕಿಟ್ ಹಾಕಿದವರು ಇದನ್ನು ಅದಲುಬದಲು ಮಾಡಿರುವುದುಂಟು. ಆಳದ ಗುಳಿಗೆ ಬೂಸ್ಟರಿನ ಗಿಡ್ಡ ರಾಡ್ ಬಂದರೆ ಪೆಡಲ್ ಅರ್ಧ ದಾರಿ ಸುಮ್ಮನೆ ಹೋಗುತ್ತದೆ. ಹಳೇ ಡ್ರಮ್ ಸಿಲಿಂಡರ್ ಏನಾದರೂ ಉಳಿಸಿದ್ದರೆ ಅದು ಇನ್ನೊಂದು ತೊಂದರೆ, ಡ್ರಮ್ ಕಡೆಗೆ ಸ್ವಲ್ಪ ಒತ್ತಡ ಹಿಡಿದಿಡುವ ಪುಟ್ಟ ವಾಲ್ವ್ ಒಳಗೇ ಇರುತ್ತದೆ, ಡಿಸ್ಕಿಗೆ ಅದು ಬೇಡ, ಪ್ಯಾಡ್ ಉಜ್ಜುತ್ತಲೇ ಇರುತ್ತದೆ.

ಹಿಂದಿನ ಡ್ರಮ್ ಬಿಚ್ಚುವಾಗ ದಯವಿಟ್ಟು ಗಾಳಿ ಊದಬೇಡಿ. ಆ ಕಾಲದ ಲೈನಿಂಗ್‌ನಲ್ಲಿ ಆಸ್ಬೆಸ್ಟಸ್ ಇರುತ್ತಿತ್ತು. ಒದ್ದೆ ಮಾಡಿ ಒರೆಸಿ, ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ಗ್ಯಾರೇಜಿನಿಂದ ಹೊರಗೆ ಕಳಿಸಿ.

ಮಸ್ಟಾಂಗ್_ಮಾವ

ಚಕ್ರವನ್ನೂ ನೋಡಿಕೊಳ್ಳಿ. ಡ್ರಮ್ ಗಾಡಿಯ ಹಳೇ ತಗಡು ಚಕ್ರ ಕ್ಯಾಲಿಪರಿಗೆ ತಾಗುತ್ತದೆ. ಸ್ಟೆಪ್ನಿ ಹಳೆಯದ್ದೇ ಉಳಿದಿದ್ದರೆ ಪಂಕ್ಚರ್ ಆದ ದಿನ ರಸ್ತೆ ಪಕ್ಕದಲ್ಲಿ ನಿಂತು ಗೊತ್ತಾಗುತ್ತದೆ, ಅದು ಮುಂದಕ್ಕೆ ಕೂರುವುದೇ ಇಲ್ಲ ಅಂತ.

ಕಮಾರೋ_ಕನಸು

ಸ್ಟೆಪ್ನಿ ನೋಡಿರಲಿಲ್ಲ! ನಾಳೆಯೇ ಕೇಳುತ್ತೇನೆ. ಎಲ್ಲರಿಗೂ ಥ್ಯಾಂಕ್ಸ್.

ನೋವಾ_71

ಇಷ್ಟು ಹೊತ್ತು ಓದುತ್ತಾ ಇದ್ದೆ, ಈಗ ನನ್ನ ಕೆಲಸ ಬಂತು. ನನ್ನದು 71ರ ನೋವಾ, ಫೆಬ್ರವರಿ ಕೊನೆಯಲ್ಲಿ ತಯಾರಾದದ್ದು, ಅದರ ಬೂಸ್ಟರ್ ಯಾರೋ ಎಂದೋ ಬದಲಿಸಿದ್ದಾರೆ. ಕನಸು ಅವರೇ, ನಿಮ್ಮ ಬೂಸ್ಟರಿನ ಮೇಲಿನ ಉಳಿದ ಅಂಕಿಗಳ ಫೋಟೋ ಹಾಕುತ್ತೀರಾ? ನಂಬರ್ ಹೊಂದಿದರೆ ಮಾತಾಡೋಣ, ಬದಲಿಗೆ ನಿಮಗೊಂದು ಹೊಸದು ಕೊಡಿಸುತ್ತೇನೆ, ಮೇಲೆ ದುಡ್ಡೂ ಕೊಡುತ್ತೇನೆ.